ಕಾವಲುಗಾರರನ್ನು ಕೊಂದದ್ದು ಯಾರು?

ಡಂಕನ್ ದೊರೆಯ ಕೊಲೆಗೆ ಯಾರು ಹೊಣೆ? 'ಮ್ಯಾಕ್‌ಬೆತ್' ಪಠ್ಯವಾಗಿರುವ ಕಡೆಯೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಗೈಡುಗಳಲ್ಲಿ ಉತ್ತರವೂ ಸಿದ್ಧವಾಗಿದೆ: ಮಾಟಗಾತಿಯರದು ಇಷ್ಟು, ಹೆಂಡತಿಯದು ಇಷ್ಟು, ಅವನ ಆಸೆಯದು ಇಷ್ಟು. ಪಿತ್ರಾರ್ಜಿತ ಜಮೀನನ್ನು ಅಣ್ಣತಮ್ಮಂದಿರು ಹಂಚಿಕೊಂಡ ಹಾಗೆ. ಹತ್ತು ಅಂಕಕ್ಕೆ ಅದು ಸಾಕು. ಉದಯಗಿರಿಯ ನಮ್ಮ ಮನೆಯ ಮಹಡಿಯಲ್ಲಿ ಸಂಜೆ ಪಾಠಕ್ಕೆ ಬರುವ ಬಿ.ಎ. ಹುಡುಗಿಯರಿಗೆ ನಾನೂ ಮೊದಲು ಅದನ್ನೇ ಬರೆಸುತ್ತೇನೆ. ಆಮೇಲೆ ಜಗಳ ಶುರುವಾಗುತ್ತದೆ.

ಮಾಟಗಾತಿಯರ ಲೆಕ್ಕ ಬೇಗ ಮುಗಿಯುತ್ತದೆ. ಅವರು ರಾಜನಾಗುತ್ತೀಯೆ ಎಂದರು, ಕೊಲ್ಲು ಎನ್ನಲಿಲ್ಲ. ಪಕ್ಕದಲ್ಲೇ ನಿಂತಿದ್ದ ಬ್ಯಾಂಕೋಗೂ ನಿನ್ನ ವಂಶದವರು ರಾಜರಾಗುತ್ತಾರೆ ಎಂದರು. ಅವನೇನೂ ಕತ್ತಿ ಮಸೆಯಲಿಲ್ಲ. (ಷೇಕ್ಸ್‌ಪಿಯರ್ ಕಥೆ ತೆಗೆದುಕೊಂಡ ಹೋಲಿನ್‌ಶೆಡ್ಡನ ಇತಿಹಾಸದಲ್ಲಿ ಬ್ಯಾಂಕೋ ಕೂಡ ಕೊಲೆಯಲ್ಲಿ ಪಾಲುದಾರ. ಆದರೆ ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದ ಜೇಮ್ಸ್ ದೊರೆ ಬ್ಯಾಂಕೋನ ವಂಶದವನೆಂದು ಹೇಳಿಕೊಳ್ಳುತ್ತಿದ್ದ. ನಾಟಕದಲ್ಲಿ ಅವನ ಕೈ ತೊಳೆದು ಶುಭ್ರವಾಯಿತು. ಯಾರು ಹೊಣೆ ಎಂಬುದನ್ನು ಆಳುವವರು ನಿರ್ಧರಿಸುವುದು ಹೊಸದಲ್ಲ.)

ಜಗಳವೆಲ್ಲ ಲೇಡಿ ಮ್ಯಾಕ್‌ಬೆತ್‌ಳ ಮೇಲೆ. 'ಹೆಂಡತಿ ಮಾತು ಕೇಳಿ ಕೆಟ್ಟ' ಎನ್ನುವವರು ಪ್ರತಿ ವರ್ಷ ಇರುತ್ತಾರೆ, ಹುಡುಗಿಯರೇ ಹೆಚ್ಚು. ಆ ಮಾತು ಅವರ ಮನೆಗಳಲ್ಲಿ ದಿನಾ ಕೇಳಿಬರುವ ಮಾತು. ಅಣ್ಣ ಬೇರೆ ಮನೆ ಮಾಡಿದರೆ ಅತ್ತಿಗೆ ಕಾರಣ, ಅಪ್ಪ ಸಾಲ ಮಾಡಿದರೆ ಅಮ್ಮ ಕಾರಣ. ಆದರೆ ಪುಸ್ತಕ ತೆಗೆದು ನೋಡಿದರೆ, ಹೆಂಡತಿಗೆ ಕಾಗದ ಬರೆಯುವ ಮೊದಲೇ ಕೊಲೆಯ ಯೋಚನೆ ಅವನ ತಲೆಗೆ ಬಂದು ಮೈ ನಡುಗಿದೆ. ಅವಳು ಅವನನ್ನು ಚುಚ್ಚಿದಳು, ಹಂಗಿಸಿದಳು, ಯೋಜನೆ ಹಾಕಿದಳು, ಕಾವಲಿನವರಿಗೆ ಮದ್ದು ಬೆರೆಸಿದ ಪಾನೀಯ ಕುಡಿಸಿದಳು. ಅವಳನ್ನು ನಿರಪರಾಧಿ ಮಾಡುವ ಆಸೆ ನನಗಿಲ್ಲ. ಅವಳ ಹೆಸರು ಹೇಳಿ ಅವನ ಹೊರೆ ಇಳಿಸುವುದಷ್ಟೇ ನನಗೆ ಒಪ್ಪಿಗೆಯಿಲ್ಲ.

ಅದಕ್ಕೇ ನಾನು ಹುಡುಗಿಯರನ್ನು ಮರುದಿನ ಬೆಳಗಿನ ದೃಶ್ಯಕ್ಕೆ ಕರೆದೊಯ್ಯುತ್ತೇನೆ. ದೊರೆ ಸತ್ತಿರುವುದು ಮ್ಯಾಕ್‌ಡಫ್‌ನಿಂದ ಗೊತ್ತಾಗಿ ಅರಮನೆಯೆಲ್ಲ ಎದ್ದಿದೆ. ಮ್ಯಾಕ್‌ಬೆತ್ ಒಳಗೆ ಹೋಗುತ್ತಾನೆ, ಹೊರಗೆ ಬಂದು, ಸಿಟ್ಟಿನ ಭರದಲ್ಲಿ ಕಾವಲುಗಾರರಿಬ್ಬರನ್ನೂ ಕೊಂದುಬಿಟ್ಟೆ ಎನ್ನುತ್ತಾನೆ. ಅವರ ಮೇಲೆ ರಕ್ತ ಬಳಿದು ಆರೋಪ ಹೊರಿಸುವುದು ಹೆಂಡತಿಯ ಯೋಜನೆಯಲ್ಲಿತ್ತು, ಅದರ ಕೊನೆ ನೇಣೇ ಎಂಬುದೂ ನಿಜ. ಆದರೆ ಆ ಕ್ಷಣ ಅವನ ಕಿವಿಯಲ್ಲಿ ಯಾರೂ ಏನೂ ಹೇಳಿರಲಿಲ್ಲ. ಮಾಟಗಾತಿಯರಿರಲಿಲ್ಲ, ಗಾಳಿಯಲ್ಲಿ ತೇಲುವ ಕಠಾರಿಯೂ ಇರಲಿಲ್ಲ. ರಾತ್ರಿ ನಡುಗಿದ ಕೈ ಬೆಳಿಗ್ಗೆ ನಡುಗಲಿಲ್ಲ. ನೂರಾರು ಪುಟದ ವಿಮರ್ಶೆ ಡಂಕನ್ ಸುತ್ತಲೇ ತಿರುಗುತ್ತದೆ. ಈ ಇಬ್ಬರ ಕೊಲೆಗೆ ಯಾರು ಹೊಣೆ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಿದ್ದನ್ನು ನಾನು ನೋಡಿಲ್ಲ. ಅವರಿಗೆ ಹೆಸರೂ ಇಲ್ಲ, ವೇದಿಕೆಯ ಮೇಲೆ ಒಂದು ಮಾತೂ ಇಲ್ಲ. ಮುಂದೆ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುವಾಗಲೂ ಅವನು ಹೆಂಡತಿಯ ಸಲಹೆ ಕೇಳಲಿಲ್ಲ.

ಹಾಗಾದರೆ ಪ್ರೇರೇಪಿಸಿದವರಿಗೆ ಎಷ್ಟು, ಕತ್ತಿ ಎತ್ತಿದವರಿಗೆ ಎಷ್ಟು? ಈ ಪ್ರಶ್ನೆ ಕನ್ನಡಕ್ಕೆ ಇಂಗ್ಲಿಷಿನಿಂದ ಬರಬೇಕಾಗಿರಲಿಲ್ಲ. 1209ರಲ್ಲಿ ಜನ್ನ 'ಯಶೋಧರ ಚರಿತೆ' ಬರೆದ. ಬಲಿ ಕೊಡು ಎಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ, ಮಗ ಯಶೋಧರನಿಗೆ ಮನಸ್ಸಿಲ್ಲ. ಕೊನೆಗೆ ರಾಜಿಯಾಗಿ ಹಿಟ್ಟಿನ ಹುಂಜ ಮಾಡಿ ಕಡಿಯುತ್ತಾರೆ. ಪ್ರಾಣಿಯೇ ಇಲ್ಲ, ಆದರೂ ಹುಂಜ ಕೂಗುತ್ತದೆ. ಆಮೇಲೆ ತಾಯಿ ಮಗ ಇಬ್ಬರೂ ನಾಯಿಯಾಗಿ, ನವಿಲಾಗಿ, ಜನ್ಮದಿಂದ ಜನ್ಮಕ್ಕೆ ಅಲೆಯುತ್ತಾರೆ. ಹೇಳಿದವಳಿಗೆ ಅರ್ಧ, ಕಡಿದವನಿಗೆ ಅರ್ಧ ಎಂದು ಜನ್ನ ಭಾಗ ಮಾಡುವುದಿಲ್ಲ. ಸಂಕಲ್ಪ ಮಾಡಿದ ಇಬ್ಬರಿಗೂ ಪೂರ್ತಿ. ನನಗೆ ಇದು ಗೈಡಿನ ಲೆಕ್ಕಕ್ಕಿಂತ ಸರಿಯಾಗಿ ಕಾಣುತ್ತದೆ.

ನಮ್ಮ ಕಾನೂನೂ ಹೆಚ್ಚುಕಡಿಮೆ ಹೀಗೇ. ಭಾರತೀಯ ದಂಡ ಸಂಹಿತೆಯ 34ನೇ ಕಲಂ, ಈಗ ನ್ಯಾಯ ಸಂಹಿತೆಯ 3(5): ಸಮಾನ ಉದ್ದೇಶದಿಂದ ಹಲವರು ಸೇರಿ ಮಾಡಿದ ಅಪರಾಧಕ್ಕೆ ಪ್ರತಿಯೊಬ್ಬನೂ ತಾನೊಬ್ಬನೇ ಮಾಡಿದಷ್ಟು ಹೊಣೆ. ಈ ಕಲಮಿನ ಸಂಖ್ಯೆ ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಂಜನಗೂಡಿನ ಕಡೆ ನನ್ನ ಸೋದರತ್ತೆಯ ಊರಿನಲ್ಲಿ ಬದುವಿನ ಜಗಳಕ್ಕೆ ರಾತ್ರಿ ಒಂದು ಕೊಲೆಯಾಯಿತು. ಹೊಡೆದವರು ಇಬ್ಬರು. ಮೂರನೆಯವನು ಅತ್ತೆಯ ಮೈದುನ. 'ನಾನು ಟಾರ್ಚ್ ಹಿಡಿದಿದ್ದೆ, ಅಷ್ಟೇ' ಎಂದು ಅವನು ಹೇಳಿಕೊಂಡು ಬಂದ. ಮೂವರಿಗೂ ಜೀವಾವಧಿಯಾಯಿತು.

ಅವನನ್ನು ಇಟ್ಟದ್ದು ಮೈಸೂರು ಕಾರಾಗೃಹದಲ್ಲಿ. ಅಲ್ಲಿನ ಕೈದಿಗಳಿಂದಲೇ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು 'ಮಾರನಾಯಕ' ಆಡಿಸಿದ್ದರು. 'ಮ್ಯಾಕ್‌ಬೆತ್' ಅನ್ನು ಎಚ್.ಎಸ್. ಶಿವಪ್ರಕಾಶ್ ಕನ್ನಡಕ್ಕೆ ಒಗ್ಗಿಸಿದ ನಾಟಕ ಅದು. ಅವರ ಜೈಲು ರಂಗಭೂಮಿಯ ತಂಡದ ಹೆಸರು 'ಸಂಕಲ್ಪ'. ಜನ್ನನನ್ನು ನೆನೆದು ಇಟ್ಟದ್ದಿರಲಾರದು, ಆದರೂ ಆ ಹೆಸರು ಕೇಳಿದಾಗ ನನಗೆ ಹಿಟ್ಟಿನ ಹುಂಜ ನೆನಪಾಯಿತು. ಕೊಲೆ ಮಾಡಿ ಒಳಗೆ ಬಂದವರಿಗೆ ವೇದಿಕೆಯ ಮೇಲೆ ಅದೇ ರಾತ್ರಿ ಮತ್ತೆ ಬದುಕುವುದು ಹೇಗಿರುತ್ತದೋ, ನಮ್ಮ ಟಿಪ್ಪಣಿಗಳು ಅಲ್ಲಿಗೆ ತಲುಪುವುದಿಲ್ಲ. ಅತ್ತೆಯ ಮೈದುನ ಅದರಲ್ಲಿ ಇರಲಿಲ್ಲ. ಅವನ ಕಾಲಕ್ಕೆ ಆ ಪ್ರಯೋಗ ಮುಗಿದಿತ್ತು.

ಅವನು ಈಗ ಬಿಡುಗಡೆಯಾಗಿ ಊರಿನಲ್ಲೇ ಇದ್ದಾನೆ. ಹಸು ಕಟ್ಟಿಕೊಂಡಿದ್ದಾನೆ, ಡೈರಿಗೆ ಹಾಲು ಹಾಕುತ್ತಾನೆ, ಕೇಳಿದವರಿಗೆ ಟಾರ್ಚಿನ ಮಾತನ್ನೇ ಹೇಳುತ್ತಾನೆ. ಸತ್ತವನ ಹೆಂಡತಿಯ ಮನೆ ಎರಡು ಬೀದಿ ಆಚೆ. ಒಮ್ಮೆ ನೀರಿನ ಟ್ಯಾಂಕಿನ ಹತ್ತಿರ ಸಿಕ್ಕಿದಾಗ ಅವಳು ನನ್ನ ಅತ್ತೆಗೆ ಹೇಳಿದಳಂತೆ: ಅವತ್ತು ಅಮಾವಾಸ್ಯೆ ಕಣಕ್ಕ, ಬೆಳಕು ಬಿಡದೇ ಇದ್ದಿದ್ದರೆ ನಮ್ಮೆಜಮಾನ್ರು ಅವರಿಗೆ ಕಾಣುತ್ತಲೇ ಇರಲಿಲ್ಲ.