ಕೊನೆಯ ಕಂತಿನ ನಂತರ

ನಿಮ್ಮ ಮನೆಯ ಮುಂದೆ ಸಾಲ ಮಾಡಿ ಕೊಂಡ ಕಾರೊಂದು ನಿಂತಿದ್ದರೆ, ಅದರ ಕೊನೆಯ ಕಂತು ಯಾವ ತಿಂಗಳಿಗೆ ಮುಗಿಯುತ್ತದೆ ಎಂಬುದು ನಿಮಗೆ ನೆನಪಿರಲಿಕ್ಕಿಲ್ಲ. ಕಾರು ಮಾರುವವರಿಗೆ ಮಾತ್ರ ಅದು ಚೆನ್ನಾಗಿ ನೆನಪಿರುತ್ತದೆ. 2025ರ ಜೂನ್ ತಿಂಗಳಿನಲ್ಲಿ ನನ್ನ ಕಾರಿನ ಸಾಲ ತೀರಿತು. ಬ್ಯಾಂಕಿನಿಂದ ಬಂದ ಸಂದೇಶವನ್ನು ಎರಡು ಸಾರಿ ಓದಿ, ಮನೆಯಾಕೆಗೂ ಓದಿ ಹೇಳಿ, ಸಂಜೆ ಪೇಟೆಯಿಂದ ಕಾಲು ಕಿಲೋ ಪೇಡೆ ತಂದೆ. ಆ ಪೇಡೆ ಮುಗಿಯುವ ಮೊದಲೇ ಷೋರೂಮಿನ ಹುಡುಗನ ಫೋನು ಬಂತು. "ಸರ್, ನಿಮ್ಮ ಗಾಡಿ ಏಳು ವರ್ಷದ್ದಾತಲ್ರೀ. ಈಗ ಕಟ್ಟೂ ಕಂತೇ ಕಟ್ಟಿಕೋತ ಹೋಗ್ರಿ, ಹೊಸಾ ಗಾಡಿ ಮನಿ ಮುಂದ ನಿಲ್ತದ."

ಈ ಮಾತು ಎಷ್ಟು ಹಿತವಾಗಿ ಕೇಳಿಸಿತೆಂದರೆ, ನಾನು ಹೂಂ ಎನ್ನುವುದೊಂದೇ ಬಾಕಿ ಇತ್ತು.

ಕಾರು ನಮ್ಮ ಶಹಾಪುರದ ಮನೆಗೆ ಬಂದದ್ದು 2018ರ ಜನವರಿಯಲ್ಲಿ. ಅದು ಶೋಕಿಗೆ ತಂದದ್ದಲ್ಲ. ನನ್ನ ತಾಯಿಯ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಕಲಬುರಗಿಗೆ ಕರೆದೊಯ್ಯಬೇಕಾಗಿತ್ತು. ಹೋಗುವಾಗ ಬಸ್ಸಿನಲ್ಲಿ ಹೇಗೋ ಕುಳಿತುಕೊಳ್ಳುತ್ತಿದ್ದರು. ಬರುವಾಗ ಅವರ ಮೈಯಲ್ಲಿ ತ್ರಾಣವೇ ಇರುತ್ತಿರಲಿಲ್ಲ. ನಾಲ್ಕು ಲಕ್ಷ ರೂಪಾಯಿ ಸಾಲ, ಶೇಕಡಾ ಒಂಬತ್ತೂವರೆ ಬಡ್ಡಿ, 84 ಕಂತು, ತಿಂಗಳಿಗೆ 6,538 ರೂಪಾಯಿ. ಮುಂದಿನ ಎಡಗಡೆಯ ಸೀಟನ್ನು ಹಿಂದಕ್ಕೆ ಬಾಗಿಸಿ, ತಲೆಗೊಂದು ದಿಂಬು ಕೊಟ್ಟು ಅವರನ್ನು ಮಲಗಿಸಿಕೊಂಡು ಜೇವರ್ಗಿ ದಾಟಿ ಬರುತ್ತಿದ್ದ ಸಂಜೆಗಳು ಎಷ್ಟೋ. ದೂರದಲ್ಲಿ ಮಲಗಿದ ಬುದ್ಧನಂತೆ ಕಾಣುವ ನಮ್ಮ ಬೆಟ್ಟ ಕಂಡಾಗ, "ಅಂವಾ ಎದ್ದಾನೇನೋ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. 2021ರಲ್ಲಿ ಅವರು ತೀರಿಕೊಂಡರು. ಆಮೇಲೆ ಕಂತು ಉಳಿಯಿತು, ಕಾರು ಉಳಿಯಿತು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಚಕ್ರಬಡ್ಡಿಯ ಪಾಠವನ್ನು ಇಪ್ಪತ್ತಕ್ಕಿಂತ ಹೆಚ್ಚು ಸಲ ಮಾಡಿದ್ದೇನೆ. ಆದರೂ 2020ರ ಲಾಕ್‌ಡೌನ್ ಸಮಯದಲ್ಲಿ ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ ವಿರಾಮ ಕೊಡಲು ಅನುಮತಿ ನೀಡಿದಾಗ, ನನ್ನ ಸಂಬಳ ನಿಂತಿರಲಿಲ್ಲವಾದರೂ, ಮೂರು ತಿಂಗಳು ಮುಫತ್ತಾಗಿ ಸಿಕ್ಕಿತೆಂದು ತಿಳಿದು ಕಂತು ನಿಲ್ಲಿಸಿದೆ. ಬಡ್ಡಿ ನಿಂತಿರಲಿಲ್ಲ, ಅದು ಅಸಲಿಗೆ ಸೇರಿಕೊಂಡು ಬೆಳೆಯುತ್ತಲೇ ಇತ್ತು. ಬಿಟ್ಟ ಮೂರು ಕಂತುಗಳ ಜೊತೆಗೆ ಇನ್ನೆರಡು ಕಂತು ಸೇರಿ, 2025ರ ಜನವರಿಯಲ್ಲಿ ಮುಗಿಯಬೇಕಾಗಿದ್ದ ಸಾಲ ಜೂನ್‌ಗೆ ಹೋಯಿತು. ಇದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಷೋರೂಮಿನ ಹುಡುಗ ಮಾತನಾಡಿದ್ದು ನನ್ನಲ್ಲಿದ್ದ ಇದೇ ದೌರ್ಬಲ್ಯದ ಜೊತೆಗೆ. ಏಳು ವರ್ಷಗಳಿಂದ ಆ 6,538 ರೂಪಾಯಿ ನನ್ನದಲ್ಲವೆಂದೇ ನಾನು ಬದುಕಿದ್ದೆ. ನನ್ನದಲ್ಲದ ಹಣವನ್ನು ಇನ್ನೊಬ್ಬರಿಗೆ ಕೊಡುವುದು ಕಷ್ಟವೇ?

ಅಂದು ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಹೊಸ ಕಾರು ರಸ್ತೆಗೆ ಇಳಿಯುವಷ್ಟರಲ್ಲಿ 6,20,000. ನನ್ನ ಹಳೆಯದಕ್ಕೆ 1,60,000 ಕೊಡುತ್ತೇವೆ ಎಂದಿದ್ದರು. ಸ್ವಲ್ಪ ತಡೆಯೋಣ ಎಂದು ಸುಮ್ಮನಿದ್ದೆ. ಅಷ್ಟರಲ್ಲಿ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಮತ್ತೆ ಫೋನು. ಹೊಸದರ ಬೆಲೆ 5,70,000ಕ್ಕೆ ಬಂದಿತ್ತು. ಐವತ್ತು ಸಾವಿರ ಉಳಿಯಿತೆಂದು ಹಿಗ್ಗಿದೆ. ಆದರೆ ಹೊಸದು ಅಗ್ಗವಾದರೆ ಹಳೆಯದೂ ಅಗ್ಗವಾಗಬೇಕಲ್ಲವೇ? ನನ್ನ ಕಾರಿಗೆ ಈಗ 1,35,000 ಎಂದರು. ಕೈಯಿಂದ 35,000 ಹಾಕಿ ಉಳಿದ ನಾಲ್ಕು ಲಕ್ಷಕ್ಕೆ ಸಾಲ. ಅಂದರೆ ಮತ್ತೆ ಅದೇ 84 ಕಂತು, ಅದೇ 6,538 ರೂಪಾಯಿ. ಹುಡುಗ ಸುಳ್ಳು ಹೇಳಿರಲಿಲ್ಲ. ಆದರೆ 84 ಕಂತುಗಳನ್ನು ಕೂಡಿದರೆ ಐದು ಲಕ್ಷ 49 ಸಾವಿರವಾಗುತ್ತದೆ ಎಂದಾಗಲಿ, ಕೊನೆಯ ಕಂತು 2032ರಲ್ಲಿ ಬರುತ್ತದೆ ಎಂದಾಗಲಿ ಆತ ಹೇಳಲಿಲ್ಲ. ನಾನು ನಿವೃತ್ತನಾಗುವುದು 2029ರಲ್ಲಿ.

ಆ ಕಾಗದವನ್ನು ನೋಡಿ ಮನೆಯಾಕೆ ಒಂದೇ ಮಾತು ಹೇಳಿದಳು. "ನೌಕರಿ ಮುಗಿದ ಮ್ಯಾಲ ಮೂರು ವರ್ಷ ಕಂತು ಕಟ್ಟೂದಾದ್ರ ನನಗ ಆ ಕಾರು ಬ್ಯಾಡ್ರಿ."

ಇಲ್ಲಿಗೆ ವಿಷಯ ಮುಗಿಯಿತೆಂದು ನೀವು ಭಾವಿಸಬಹುದು. ನಾನೂ ಹಾಗೆಯೇ ಭಾವಿಸಿದ್ದೆ. ಮುಗಿಯಲು ಬಿಡದವಳು ಬೆಂಗಳೂರಿನಲ್ಲಿರುವ ನಮ್ಮ ಮಗಳು. ಅವಳು ನರ್ಸ್, ಅಪಘಾತದ ರೋಗಿಗಳನ್ನು ಮೊದಲು ಒಳಗೆ ತೆಗೆದುಕೊಳ್ಳುವ ವಿಭಾಗದಲ್ಲಿ ಕೆಲಸ. ರಸ್ತೆ ಏನು ಮಾಡಬಲ್ಲದೆಂಬುದನ್ನು ಅವಳು ದಿನವೂ ಕಾಣುತ್ತಾಳೆ. "ಅಪ್ಪಾ, ರೊಕ್ಕದ ಲೆಕ್ಕ ಎಲ್ಲಾ ಹಾಕೀರಿ. ಅವ್ವ ಕುಂಡ್ರೂ ಸೀಟಿನ ಮುಂದ ಏನದ?" ಎಂದು ಕೇಳಿದಳು.

ಏನೂ ಇಲ್ಲ. ನಮ್ಮದು ಆ ಮಾದರಿಯಲ್ಲಿ ಅತ್ಯಂತ ಕಡಿಮೆ ಬೆಲೆಯದು. ಚಾಲಕನಿಗೆ ಮಾತ್ರ ಏರ್‌ಬ್ಯಾಗ್ ಇದೆ, ಎಡಗಡೆಯವರಿಗೆ ಇಲ್ಲ. ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದುಕೊಳ್ಳದಂತೆ ತಡೆಯುವ ಎ.ಬಿ.ಎಸ್. ಕೂಡ ಇಲ್ಲ. ಅದು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಮುಂದಿನ ಎಡ ಸೀಟಿನ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಕಡ್ಡಾಯವಾದದ್ದು 2022ರ ಜನವರಿಯಿಂದ. ನಾವು ಅವಸರದಲ್ಲಿ ಅದಕ್ಕಿಂತ ಮೊದಲೇ ಕೊಂಡೆವು. ಇವನ್ನು ಆಮೇಲೆ ಹೊರಗಿನಿಂದ ಕೂಡಿಸಲು ಬರುವುದಿಲ್ಲ.

ಮಗಳಿಗೆ ನಾನು ಹೇಳದೆ ಮುಚ್ಚಿಟ್ಟಿದ್ದ ಒಂದು ಸಂಗತಿಯೂ ಇತ್ತು. 2024ರ ಡಿಸೆಂಬರ್‌ನಲ್ಲಿ ಸುರಪುರದಲ್ಲಿರುವ ನನ್ನ ಹೆಂಡತಿಯ ತವರಿನಿಂದ ರಾತ್ರಿ ಎಂಟು ಗಂಟೆಗೆ ಮರಳುತ್ತಿದ್ದೆವು. ಹತ್ತಿ ಬಿಡಿಸುವ ಕಾಲ. ಹತ್ತಿಗೂಡೂರು ಇನ್ನೂ ಮುಂದಿತ್ತು. ಎದುರಿನಿಂದ ಬರುತ್ತಿದ್ದ ಲಾರಿಯ ದೀಪ ಕಣ್ಣಿಗೆ ಹೊಡೆದು, ಅದು ದಾಟಿದ ಕ್ಷಣದಲ್ಲಿ, ಹತ್ತಿ ಹೇರಿದ ಟ್ರ್ಯಾಕ್ಟರಿನ ಟ್ರೇಲರ್ ಮುಂದೆಯೇ ಇತ್ತು. ಹಿಂದೆ ಒಂದು ದೀಪವೂ ಇಲ್ಲ, ಹೊಳೆಯುವ ಕೆಂಪು ಪಟ್ಟಿಯೂ ಇಲ್ಲ. ಬ್ರೇಕ್ ತುಳಿದೆ. ಚಕ್ರಗಳು ಬಿಗಿದವು, ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರವಾಗಿ ಜಾರುತ್ತಲೇ ಹೋಯಿತು. ಒಂದು ಮೊಳದಷ್ಟು ಅಂತರದಲ್ಲಿ ನಿಂತಿತು. ಹತ್ತಿಯ ಎಳೆಗಳು ಗಾಜಿನ ಮೇಲೆ ಬಂದು ಕುಳಿತವು. ನಾವಿಬ್ಬರೂ ಶಹಾಪುರ ಬರುವವರೆಗೆ ಮಾತನಾಡಲಿಲ್ಲ.

ಹೀಗಿರುವಾಗ ಹಳೆಯ ಕಾರನ್ನು ಉಳಿಸಿಕೊಳ್ಳುವುದು ಮಿತವ್ಯಯವೋ, ಜಿಪುಣತನವೋ? ಅಥವಾ ತಾಯಿ ಮಲಗುತ್ತಿದ್ದ ಸೀಟಿನ ಮೇಲಿನ ಮೋಹವೋ? ಹಲವು ದಿನ ನನಗೆ ತಿಳಿಯಲಿಲ್ಲ. ಕಾರೇ ಬೇಡವೆಂಬ ದಾರಿಯನ್ನೂ ಯೋಚಿಸಿದೆ. ಯಾದಗಿರಿಗೆ, ಸುರಪುರಕ್ಕೆ ಹಗಲು ಹೊತ್ತು ಬಸ್ಸುಗಳಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಮನೆಯಾಕೆ ತವರಿಗೆ ಬಹುತೇಕ ಕೆಂಪು ಬಸ್ಸಿನಲ್ಲೇ ಹೋಗಿಬರುತ್ತಾಳೆ; ಕಾರು ಬೇವಿನ ಮರದ ಕೆಳಗೆ ನಿಂತಿರುತ್ತದೆ. ಆದರೆ ಅವಳ ತಂದೆಗೆ ಎಂಬತ್ತು ದಾಟಿದೆ, ಬಸ್ಸಿನ ಮೆಟ್ಟಿಲು ಹತ್ತಲಾರರು. ಭಾನುವಾರ ದೇವಾಲಯಕ್ಕೆ ನಮ್ಮ ಜೊತೆ ಬರುವ ಪಕ್ಕದ ಮನೆಯ ಅಜ್ಜಿಯೂ ಹತ್ತಲಾರರು. ತಿಂಗಳಿಗೆ ನಾಲ್ಕಾರು ಸಲವಾದರೂ ಕಾರು ಬೇಕೇ ಬೇಕು.

ಕೊನೆಗೆ ಯಾರಿಗೂ ಹೇಳದೆ ಕಾರನ್ನು ನಮ್ಮ ಮೆಕ್ಯಾನಿಕ್ ಹತ್ತಿರ ಒಯ್ದು, ಕೊಳ್ಳುವವನು ನಾನೇ ಎಂಬಂತೆ ಪರೀಕ್ಷಿಸಿ ಹೇಳು ಎಂದೆ. ಇದೊಂದನ್ನು ಮಾತ್ರ ನೀವೂ ಮಾಡಬೇಕೆಂದು ನನ್ನ ವಿನಂತಿ. ಮಾರುವವನ ಕಣ್ಣಿನಿಂದಲೋ ಪ್ರೀತಿಸುವವನ ಕಣ್ಣಿನಿಂದಲೋ ನೋಡಿದಾಗ ಕಾಣದ್ದು ಆಗ ಕಾಣುತ್ತದೆ. ಆತ ಎಂಜಿನ್ ಕೇಳಿಸಿಕೊಂಡ, ಅಡಿಯಲ್ಲಿ ತೂರಿ ತುಕ್ಕು ನೋಡಿದ, ಒಂದು ಸುತ್ತು ಓಡಿಸಿಕೊಂಡು ಬಂದ. "ಗಾಡಿ ಗಟ್ಟಿ ಅದರೀ ಸರ್. ಆದ್ರ ಟಯರ್ ನೋಡ್ರಿ" ಎಂದ. ಟಯರಿನ ಹಲ್ಲುಗಳು ಇನ್ನೂ ಆಳವಾಗಿಯೇ ಇದ್ದವು, ಅದಕ್ಕೇ ನಾನು ನಿಶ್ಚಿಂತನಾಗಿದ್ದೆ. ಆತ ಬದಿಯಲ್ಲಿ ಅಚ್ಚಾಗಿದ್ದ ನಾಲ್ಕು ಅಂಕೆಗಳನ್ನು ತೋರಿಸಿದ: 4517. ಅಂದರೆ 2017ರ 45ನೆಯ ವಾರದಲ್ಲಿ ತಯಾರಾದದ್ದು. ಓಡಲಿ ಬಿಡಲಿ, ರಬ್ಬರಿಗೆ ವಯಸ್ಸಾಗುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಯಾದಗಿರಿ ಸೀಮೆಯ ಬಿಸಿಲಿನಲ್ಲಿ ಇನ್ನೂ ಬೇಗ ಆಗುತ್ತದೆ. ಬದಿಯ ಗೋಡೆಯಲ್ಲಿ ಕೂದಲೆಳೆಯಂತಹ ಬಿರುಕುಗಳಿದ್ದವು. ಗಣಿತದ ಮಾಸ್ತರನಾದ ನಾನು ಏಳು ವರ್ಷ ಆ ನಾಲ್ಕು ಅಂಕೆಗಳನ್ನು ಓದಿರಲಿಲ್ಲ. ಹಳೆಯ ಬ್ರೇಕ್ ಎಣ್ಣೆ, ಸವೆದ ಬ್ರೇಕ್ ಶೂಗಳು, ಗಟ್ಟಿಯಾದ ರೇಡಿಯೇಟರ್ ಪೈಪುಗಳು, ಮುಂದಿನ ಚಕ್ರಗಳ ಬುಷ್‌ಗಳು, ಬ್ಯಾಟರಿ ಎಲ್ಲ ಸೇರಿ 38,000 ರೂಪಾಯಿ. ಹತ್ತಿಯ ಟ್ರೇಲರಿನ ಹಿಂದೆ ಕಾರು ಅಷ್ಟು ದೂರ ಜಾರಿದ್ದು ಎ.ಬಿ.ಎಸ್. ಇಲ್ಲದ ತಪ್ಪೊಂದೇ ಆಗಿರಲಿಲ್ಲ. ನನ್ನ ಪಾಲೂ ಅದರಲ್ಲಿತ್ತು. ಕಂತು ಕಟ್ಟುವುದೇ ಕಾರನ್ನು ಸಾಕುವುದು ಎಂದು ನಾನು ತಿಳಿದಿದ್ದೆ.

ಉಳಿಸಿಕೊಳ್ಳುವುದೆಂದು ತೀರ್ಮಾನಿಸಿದೆವು, ಸುಮ್ಮನೆ ಅಲ್ಲ. ಹೆಚ್ಚುಕಡಿಮೆ ಆರು ಕಂತುಗಳಿಗೆ ಸಮನಾದ ಆ 38,000ವನ್ನು ಮೊದಲು ಖರ್ಚು ಮಾಡಿದೆವು. ರಾತ್ರಿ ಪ್ರಯಾಣ ಇಲ್ಲ. ಮುಂದಿನ ಎಡ ಸೀಟಿನಲ್ಲಿ ಯಾರೂ ಕುಳಿತುಕೊಳ್ಳುವುದಿಲ್ಲ. ಹಿಂದೆ ಕುಳಿತು ಬೆಲ್ಟ್ ಕಟ್ಟಬೇಕು. ಹಿಂದಿನ ಸೀಟಿನ ಬೆಲ್ಟ್ ಕಟ್ಟುವುದು ಕಾನೂನಿನಲ್ಲಿ ಇದ್ದೇ ಇದೆ. ನಮ್ಮದು ಏಳು ವರ್ಷದಿಂದ ಸೀಟಿನ ಸಂದಿಯಲ್ಲಿ ಹುಗಿದುಹೋಗಿತ್ತು. ಕಂತಿನ ಜಾಗದಲ್ಲಿ, 2025ರ ಅಕ್ಟೋಬರ್‌ನಿಂದ ಅಂಚೆ ಕಚೇರಿಯಲ್ಲಿ ತಿಂಗಳಿಗೆ 6,500ರಂತೆ ಐದು ವರ್ಷದ ಆರ್.ಡಿ. ಖಾತೆ. 6.7ರ ಬಡ್ಡಿಯಲ್ಲಿ 2030ಕ್ಕೆ ಸುಮಾರು ನಾಲ್ಕು ಲಕ್ಷ 64 ಸಾವಿರವಾಗುತ್ತದೆ. ಮುಂದಿನ ಕಾರನ್ನು ಕೊಳ್ಳುವುದಾದರೆ ಆ ಹಣದಿಂದ ಕೊಳ್ಳಬೇಕು, ಅದರಲ್ಲಿ ಎಲ್ಲ ಏರ್‌ಬ್ಯಾಗುಗಳೂ ಇರಬೇಕು. ಅದಕ್ಕೂ ಮೊದಲೇ ಒಂದು ವರ್ಷದ ರಿಪೇರಿ ನಲವತ್ತು ಸಾವಿರ ದಾಟಿದರೆ, ಅಥವಾ ಮಾವನವರಿಗಾಗಿ ರಾತ್ರಿ ಓಡಾಡುವ ಅನಿವಾರ್ಯ ಬಂದರೆ, ಹಟ ಹಿಡಿಯದೆ ಮಾರಿಬಿಡುವುದು. ಮಗಳು ಇದನ್ನು ಒಪ್ಪಿದ್ದಾಳೆಂದು ಹೇಳಲಾರೆ. "ಹಗಲು ಅಪಘಾತ ಆಗೂದಿಲ್ಲೇನು ಅಪ್ಪಾ?" ಎಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಉಳಿಸಿಕೊಳ್ಳಿ ಅಥವಾ ಮಾರಿರಿ, ಸಾಲ ತೀರಿದವರು ಒಂದು ಕೆಲಸವನ್ನು ಮರೆಯಬಾರದು. ಸಾಲ ಮುಗಿದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ತಾನಾಗಿ ಹೋಗುವುದಿಲ್ಲ. ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರವನ್ನೂ ಸಹಿ ಮಾಡಿದ ನಮೂನೆ 35ನ್ನೂ ಪಡೆದು, ಮೂರು ತಿಂಗಳೊಳಗೆ ಆರ್.ಟಿ.ಓ. ಕಚೇರಿಯಲ್ಲಿ ಅರ್ಜಿ ಹಾಕಿ ಆ ಹೆಸರನ್ನು ತೆಗೆಸಬೇಕು. ಆಮೇಲೆ ವಿಮೆಯ ಪಾಲಿಸಿಯಲ್ಲಿಯೂ ತೆಗೆಸಬೇಕು. ಇಲ್ಲದಿದ್ದರೆ ಕಾರು ಪೂರ್ತಿ ನಾಶವಾದ ದಿನ ಪರಿಹಾರದ ಹಣಕ್ಕೆ ಮತ್ತೆ ಬ್ಯಾಂಕಿನ ಬಾಗಿಲು ಕಾಯಬೇಕಾದೀತು. ನಾನು ಯಾದಗಿರಿಗೆ ಎರಡು ಸಲ ತಿರುಗಿದೆ. ಅಲ್ಲಿ ಸರತಿಯಲ್ಲಿ ನಿಂತವರೊಬ್ಬರು, ಹತ್ತು ವರ್ಷವಾದ ಕಾರನ್ನು ಸರಕಾರ ಎಳೆದೊಯ್ಯುತ್ತದಂತೆ ಎಂದು ಹೆದರಿಸಿದರು. ಹಾಗೇನೂ ಇಲ್ಲ. ಹತ್ತು ವರ್ಷದ ಮಾತು ದೆಹಲಿಯ ಡೀಸೆಲ್ ಗಾಡಿಗಳದ್ದು. ನಮ್ಮಲ್ಲಿ ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷ ನಡೆಯುತ್ತದೆ, ಆಮೇಲೆ ಪರೀಕ್ಷೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಹೆದರಿ ಮಾರುವವರಿಂದಲೇ ಕೆಲವರ ವ್ಯಾಪಾರ ನಡೆಯುತ್ತದೆ. ಒಂದು ವೇಳೆ ಮಾರಿದರೆ, ಕ್ಲೇಮ್ ಮಾಡದೆ ಗಳಿಸಿದ ವಿಮೆಯ ರಿಯಾಯಿತಿ ನಿಮ್ಮದೇ, ಕಾರಿನದಲ್ಲ. ಅದನ್ನು ಹೊಸ ಕಾರಿಗೆ ವರ್ಗಾಯಿಸಿಕೊಳ್ಳಲು ಮರೆಯದಿರಿ.

ದಸರೆಯ ನಂತರದ ಭಾನುವಾರ ಹೊಸ ಟಯರುಗಳ ಮೇಲೆ ಸುರಪುರಕ್ಕೆ ಹೊರಟೆವು. ನಾನು ಮುಂದೆ, ಮನೆಯಾಕೆ ಹಿಂದೆ. ಓಣಿಯ ಕಿರಾಣಿ ಅಂಗಡಿಯವರು ನೋಡಿ, "ಏನ್ರೀ ಮಾಸ್ತರ್, ಅಕ್ಕಾವ್ರಿಗೆ ಡ್ರೈವರ್ ಆಗೀರೇನು?" ಎಂದು ನಕ್ಕರು. ಅವಳು ನಗಲಿಲ್ಲ, ಬೆಲ್ಟಿನ ಕೊಕ್ಕೆಯನ್ನು ಹುಡುಕುತ್ತಿದ್ದಳು. ಸಂಜೆ ಐದಕ್ಕೇ ಮರಳಲು ಎದ್ದಾಗ ಅತ್ತೆಯವರಿಗೆ ಸಿಟ್ಟು ಬಂತು, ಉಣ್ಣದೆ ಹೋಗುವುದು ಯಾವ ಪದ್ಧತಿ ಎಂದು. ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು ಎಂದೆ. ಅವರು ಒಳಗೆ ಹೋಗಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿದ ಬುತ್ತಿ ತಂದು, ಖಾಲಿಯಿದ್ದ ಮುಂದಿನ ಸೀಟಿನ ಮೇಲಿಟ್ಟು ಬಾಗಿಲು ಹಾಕಿದರು.