ಐವತ್ತೆರಡು ಕಿಲೋ ದ್ರಾಕ್ಷಿಯ ಅಂಗಿ

ಮಾರ್ಚ್‌ನಲ್ಲಿ ಎರಡು ದಿನ ರಜೆ ಹಾಕಿ, ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನಿಂದ ವಿಜಯಪುರಕ್ಕೆ ಬಂದೆ. ನೆಪ ಊರು ನೋಡೋದು. ಅಸಲಿ ಕಾರಣ ಅಕ್ಕನ ಫೋನು: "ಇವ ನನ್ನ ಮೊಬೈಲ್‌ನ್ಯಾಗ ಗೇಮಿಗೆ 2,340 ರೂಪಾಯಿ ಹಾಕ್ಯಾನ. ನೀ ಕಂಪ್ಯೂಟರ್ ಕಲತಾವ, ಒಂದೀಟ ಬುದ್ಧಿ ಹೇಳು."

ಹದಿನಾಲ್ಕರ ಅಳಿಯನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮೊದಲು ಗೋಲಗುಂಬಜಕ್ಕೆ ಹೋದೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ಗೋರಿ ಇದು. ಪಿಸುಗುಟ್ಟುವ ಗ್ಯಾಲರಿಯ ಆಚೆ ಬದಿಯಿಂದ ಗೋಡೆಗೆ ಬಾಯಿಟ್ಟು ಕೇಳಿದೆ: "ಯಾಕೋ ಹಂಗ ಮಾಡಿದಿ?" ಎದುರು ನಿಂತು ಹೇಳಲಾಗದ್ದನ್ನು ಅವನೂ ಗೋಡೆಗೇ ಹೇಳಿದ: "ಮಾಮಾ, ಆಟ ಫುಕಟ್ ಐತಿ. ಆದ್ರ ಫುಕಟ್ ಅಂಗಿ ಹಾಕ್ಕೊಂಡ್ರ ಎಲ್ಲಾರೂ ಬಾಟ್ ಅಂತಾರ."

ನನಗೆ ಬೈಯಲು ಬಾಯಿ ಬರಲಿಲ್ಲ. ಲಾಕ್‌ಡೌನ್‌ನಲ್ಲಿ ನಾನೂ ಇಂಥ ಅಂಗಿ ಕೊಂಡವನೇ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್ ನಿಷೇಧಿಸಿದಾಗ ಆ ಆಟವೂ ಹೋಯ್ತು, ಅಂಗಿಯೂ ಹೋಯ್ತು.

ಅಲ್ಲಿಂದ ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ. ದಾರಿಯುದ್ದಕ್ಕೂ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು. ಕಾಕಾನ ಶೆಡ್ಡಿನಲ್ಲಿ ಗೊನೆಗಳನ್ನು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ಜಾಳಿಗೆಯ ಅಟ್ಟದ ಮೇಲೆ ಹರವುತ್ತಿದ್ದರು. ನೆರಳಲ್ಲಿ ಒಣಗಲು ಎರಡು ವಾರ ಬೇಕು. ಅಳಿಯನೂ ಎರಡು ತಾಸು ಬುಟ್ಟಿ ಹೊತ್ತ.

"ಮುತ್ಯಾ, ರೇಟ್ ಎಷ್ಟ?"

"ಇವತ್ತ ಕಿಲೋಕ್ಕ ನೂರಾ ಎಂಬತ್ತ ಕೇಳ್ಯಾರ. ನಾಲ್ಕ ಕಿಲೋ ಹಣ್ಣ ಒಣಗಿದ್ರ ಒಂದ ಕಿಲೋ."

ಹುಡುಗ ಬೆರಳೆಣಿಸಿ ಸುಮ್ಮನಾದ. ಹದಿಮೂರು ಕಿಲೋ ಒಣದ್ರಾಕ್ಷಿ. ಅಂದರೆ ಐವತ್ತೆರಡು ಕಿಲೋ ಹಣ್ಣು.

ಈ ಆಟಗಳ ಲೆಕ್ಕ ಇರೋದೇ ಹೀಗೆ. ಹೆಚ್ಚಿನವರು ಒಂದು ಪೈಸೆ ಕೊಡಲ್ಲ. ಕೊಡುವ ಕೆಲವರಿಂದಲೇ ಆಟ ನಡೆಯುತ್ತೆ. ರೂಪಾಯಿಯನ್ನು ಮೊದಲು ಕಾಯಿನ್ ಮಾಡಿಸುತ್ತಾರೆ, ಆಮೇಲೆ ಖರ್ಚು ಖರ್ಚು ಅನಿಸೋದೇ ಇಲ್ಲ. ಕಾಯಿನ್ ಪ್ಯಾಕಿಗೂ ಅಂಗಿಯ ಬೆಲೆಗೂ ತಾಳೆಯಾಗಲ್ಲ, ಸ್ವಲ್ಪ ಉಳಿದೇ ಉಳಿಯುತ್ತೆ. ಆ ಉಳಿಕೆ ಮತ್ತೆ ಕರೆಯುತ್ತೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಇಲ್ಲಿ ಗೆದ್ದರೂ ಹಣ ಬರಲ್ಲ, ಹೋಗೋದಷ್ಟೇ. ಇದರ ಕಾವಲು ಮನೆಯವರದೇ.

ಸಂಜೆ ಬಬಲೇಶ್ವರದ ಮನೆ ಮುಟ್ಟಿದಾಗ ಅಕ್ಕ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಯುಪಿಐ ಪಿನ್ ಬದಲಿಸಿಕೊಟ್ಟೆ. ಖರೀದಿಗೆ ಪಾಸ್‌ವರ್ಡ್ ಹಾಕಿದೆ. "ಆಟ ಬಿಡಸಬ್ಯಾಡ, ಗೆಳ್ಯಾರು ಅಲ್ಲೇ ಅದಾರ. ತಿಂಗಳಿಗೆ ಐವತ್ತ ರೂಪಾಯಿ ಕೊಡು, ಅವನ ಲೆಕ್ಕ ಇಡ್ಲಿ," ಅಂದೆ. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಇನ್ನೊಂದು ರೊಟ್ಟಿ ಹಾಕಿದಳು.

ಹೊರಡುವಾಗ ಅಳಿಯ ಬೈಕಿನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಮಾಮಾ, ನಲವತ್ತ ಕಾಯಿನ್ ಉಳದಾವ. ಏನ ಮಾಡ್ಲಿ?"

"ಇರ್ಲಿ ಬಿಡು," ಅಂದೆ. ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು.