ಗಾರೆ ಇಲ್ಲದ ಗೋಡೆ

ನಮ್ಮ ಮನೇಲಿ ಟ್ರಿಪ್ ಅಂದ್ರೆ ಧರ್ಮಸ್ಥಳ, ಇಲ್ಲಾಂದ್ರೆ ಮಾದಪ್ಪನ ಬೆಟ್ಟ. ಅದಕ್ಕಿಂತ ದೂರ ನಾವು ನಾಲ್ಕು ಜನ ಒಟ್ಟಿಗೆ ಹೋಗಿದ್ದೇ ಇಲ್ಲ. ಹಾಗಾಗಿ ಮೂರನೇ ಸೆಮ್ ರಜೆಯಲ್ಲಿ ಹಿಮಾಚಲಕ್ಕೆ ಹೋಗೋಣ ಅಂತ ಅಮ್ಮ ಹೇಳಿದಾಗ ಯಾರೂ ಸೀರಿಯಸ್ಸಾಗಿ ತಗೊಳ್ಲಿಲ್ಲ. ಅಮ್ಮನಿಗೆ ಒಂದ್ಸಲ ಕೈಯಲ್ಲಿ ಹಿಮ ಮುಟ್ಟಬೇಕಂತೆ, ಅಷ್ಟೇ. ತಮ್ಮನಿಗೆ ಮನಾಲಿಯಲ್ಲಿ ರೀಲ್ಸ್ ಮಾಡಬೇಕು. ಮನಾಲಿಯ ರೂಮ್ ರೇಟ್ ನೋಡಿ ಅಪ್ಪ ಫೋನ್ ವಾಪಸ್ ಕೊಟ್ಟುಬಿಟ್ಟರು. ಅದಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ಮೊದಲೇ ಸಿಗೋ ನಗ್ಗರ್ ಅನ್ನೋ ಊರಲ್ಲಿ ಕಡಿಮೆಗೆ ಒಂದು ಮನೆ ಸಿಕ್ತು. ಮೂರು ರಾತ್ರಿ, ನಾಲ್ಕು ಜನಕ್ಕೆ ಒಂದೇ ರೂಮು.

ನಗ್ಗರ್ ಇರೋದು ಬಿಯಾಸ್ ನದಿಯ ಎಡದಂಡೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ. ಚಂಡೀಗಢದಿಂದ ರಾತ್ರಿ ಬಸ್ ಹತ್ತಿ, ಬೆಳಗ್ಗೆ ಪತ್ಲಿಕುಹಲ್‌ನಲ್ಲಿ ಇಳಿದು, ನದಿ ದಾಟಿ ಟ್ಯಾಕ್ಸಿಯಲ್ಲಿ ಮೇಲೆ ಹತ್ತಬೇಕು. ಸೇಬಿನ ತೋಟಗಳೆಲ್ಲ ಎಲೆ ಉದುರಿಸಿಕೊಂಡು ನಿಂತಿದ್ದವು. ಒಂದು ಕಾಲದಲ್ಲಿ ಕುಲು ರಾಜರ ರಾಜಧಾನಿ ಆಗಿದ್ದ ಊರಂತೆ. ಈಗ ಒಂದು ಹಳೇ ಅರಮನೆ, ನಾಲ್ಕೈದು ದೇವಸ್ಥಾನ, ಶಾಲು ನೇಯೋ ಮಗ್ಗಗಳು, ಗೋಡೆ ತುಂಬಾ ಚಿತ್ರ ಬರೆದಿರೋ ಕೆಫೆಗಳು, ಊರಿನ ಮೇಲ್ಗಡೆ ಒಬ್ಬ ರಷ್ಯನ್ ಚಿತ್ರಕಾರನ ಮನೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಾನು ಓದ್ತಿರೋದು ಸಿವಿಲ್. ನಮ್ಮಪ್ಪ ಗಾರೆ ಕೆಲಸದಿಂದ ಶುರುಮಾಡಿ ಮೇಸ್ತ್ರಿಯಾಗಿ, ಈಗ ಸಣ್ಣಪುಟ್ಟ ಮನೆ ಕಾಂಟ್ರಾಕ್ಟ್ ಹಿಡೀತಾರೆ. ಹಾಗಂತ ಮಗಳು ಸಿವಿಲ್ ತಗೊಂಡಿದ್ದಕ್ಕೆ ಅವರಿಗೆ ಖುಷಿ ಇರಲಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಬಿಲ್ಡರ್ ಕೆಲಸ ಪೂರ್ತಿ ಮಾಡಿಸಿಕೊಂಡು ಕೊನೇ ಕಂತು ಕೊಡದೆ ಓಡಾಡಿಸಿದ. ಅಪ್ಪ ಅಮ್ಮನ ಬಳೆ ಅಡವಿಟ್ಟು ಕೂಲಿ ಬಟವಾಡೆ ಮಾಡಿದ್ರು. "ಈ ಧೂಳು ನನ್ನ ತಲೆಗೇ ಮುಗೀಲಿ ಕಣವ್ವ. ಹೆಣ್ಮಗು ನೀನು, ಎಸಿ ರೂಮಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡು" ಅನ್ನೋರು. ಮೂರನೇ ಸೆಮ್ ಶುರುವಿನಲ್ಲಿ ಬ್ರಾಂಚ್ ಬದಲಾಯಿಸೋಕೆ ಅವಕಾಶ ಇತ್ತು, ನನಗೆ ಮಾರ್ಕ್ಸೂ ಇತ್ತು. ನಾನು ಅರ್ಜಿ ಹಾಕಲಿಲ್ಲ. ಅವತ್ತಿಂದ ಅಪ್ಪ ನನ್ನ ಓದಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಜಗಳ ಇಲ್ಲ, ಕೋಪ ಇಲ್ಲ. "ಊಟ ಆಯ್ತಾ? ದುಡ್ಡು ಬೇಕಾ?" ಇಷ್ಟೇ. ಆರು ತಿಂಗಳು.

ಎರಡನೇ ದಿನ ಬೆಳಗ್ಗೆ ನಗ್ಗರ್ ಕೋಟೆಗೆ ಹೋದ್ವಿ. ಕೋಟೆ ಅಂದ್ರೆ ಚಿತ್ರದುರ್ಗ ನೆನೆಸ್ಕೋಬೇಡಿ. ಕಲ್ಲು ಮರ ಸೇರಿಸಿ ಕಟ್ಟಿರೋ ದೊಡ್ಡ ಮನೆ ಥರ ಇದೆ, ಸುಮಾರು 500 ವರ್ಷ ಹಳೇದು ಅಂತಾರೆ. ಈಗ ಸರ್ಕಾರದ ಹೋಟೆಲ್. ತಮ್ಮ ಬಾಲ್ಕನಿಗೆ ಓಡಿದ. ಅಮ್ಮ ಅಂಗಳದಲ್ಲಿರೋ ಜಗತಿಪಟ್ ಗುಡಿಗೆ ಕೈಮುಗಿಯೋಕೆ ಹೋದರು. ಅಲ್ಲಿರೋ ಕಲ್ಲುಚಪ್ಪಡಿಯನ್ನ ದೇವತೆಗಳು ಜೇನುಹುಳಗಳಾಗಿ ಹೊತ್ತು ತಂದ್ರು ಅಂತ ಊರವರ ನಂಬಿಕೆ. ಅಪ್ಪ ಮಾತ್ರ ಗೋಡೆ ಮುಂದೆ ನಿಂತುಬಿಟ್ಟಿದ್ದರು. ಸಂದಿಗೆ ಉಗುರು ಹಾಕಿ ಕೆರೆದು ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿ, "ಇದ್ರಲ್ಲಿ ಗಾರೆ ಎಲ್ಲವ್ವ?" ಅಂದ್ರು.

ಗಾರೆ ಇಲ್ಲ. ಅದೇ ಆ ಗೋಡೆಯ ವಿಶೇಷ. ಈ ಶೈಲಿಗೆ ಕಾಠ್-ಕುಣಿ ಅಂತಾರೆ. ಕಾಠ್ ಅಂದ್ರೆ ನಮ್ಮ ಕಾಷ್ಠ, ಅಂದ್ರೆ ಮರ. ಕುಣಿ ಅಂದ್ರೆ ಕೋನ, ಮೂಲೆ. ದೇವದಾರು ಮರದ ತೊಲೆಗಳನ್ನ ಜೋಡಿಯಾಗಿ, ಗೋಡೆಯ ಒಳಮುಖಕ್ಕೊಂದು ಹೊರಮುಖಕ್ಕೊಂದು ಮಲಗಿಸ್ತಾರೆ. ಎರಡನ್ನೂ ಹಿಡಿದುಕೊಳ್ಳೋಕೆ ಅಡ್ಡಕ್ಕೆ ಮರದ ತುಂಡುಗಳು. ಅದರ ಮೇಲೆ ಬರೀ ಕಲ್ಲಿನ ವರಸೆ, ಮತ್ತೆ ತೊಲೆ, ಮತ್ತೆ ಕಲ್ಲು. ಮೂಲೆಯಲ್ಲಿ ಈ ಗೋಡೆಯ ತೊಲೆ ಮೇಲೆ ಆ ಗೋಡೆಯ ತೊಲೆ ಒಂದರಮೇಲೊಂದು ಕೂರುತ್ತೆ. ಸುಣ್ಣ ಇಲ್ಲ, ಸಿಮೆಂಟ್ ಇಲ್ಲ.

ಅಪ್ಪ ಕೇಳಿದ್ದು ನನಗೆ ಗೊತ್ತಿತ್ತು, ಹೊರಡೋ ಮುಂಚೆ ಓದಿಕೊಂಡಿದ್ದೆ. 1905ರ ಏಪ್ರಿಲ್ 4ರಂದು ಕಾಂಗ್ರಾದಲ್ಲಿ ಭೂಕಂಪ ಆಗಿ ಸುಮಾರು 20,000 ಜನ ಸತ್ತರು. ಆಗಲೂ ಈ ಕಟ್ಟಡ ನಿಂತಿತ್ತು. ಯಾಕೆ ಅಂತ ಹೇಳೋಕೆ ಹೋದ್ರೆ ಬಾಯಿಗೆ ಬರೀ ಫ್ರಿಕ್ಷನ್, ಶಿಯರ್, ಎನರ್ಜಿ ಡಿಸಿಪೇಶನ್ ಅಂತ ಬಂತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಏನ್ಮಾಡೋದು. ಅಪ್ಪ ಸುಮ್ಮನೆ ನೋಡ್ತಾ ಇದ್ರು. ಮತ್ತೆ ಶುರುಮಾಡಿದೆ: "ಅಪ್ಪ, ಭೂಮಿ ಅಲ್ಲಾಡಿದಾಗ ಗಾರೆ ಹಾಕಿದ ಗೋಡೆ ಬಿಗಿಯಾಗಿ ಹಿಡ್ಕೊಳೋಕೆ ನೋಡಿ ಸೀಳಿಬಿಡುತ್ತೆ. ಇದು ಹಂಗಲ್ಲ. ಕಲ್ಲು ಕಲ್ಲಿಗೆ ಉಜ್ಜಿ ಸ್ವಲ್ಪ ಸ್ವಲ್ಪ ಜರುಗುತ್ತೆ, ಆ ಉಜ್ಜಾಟದಲ್ಲೇ ಅದುರಿನ ಬಲ ಕಮ್ಮಿ ಆಗುತ್ತೆ."

"ಜರುಗಿದ್ರೆ ಕಲ್ಲು ಆಚೆ ಬಂದ್ಬಿಡಲ್ವಾ?" ಅಂದ್ರು. ನಾನು ಉತ್ತರ ಹುಡುಕೋದ್ರೊಳಗೆ ಅವರೇ ಮೂಲೆಗೆ ಹೋಗಿ ತೊಲೆಗಳ ತುದಿ ಮುಟ್ಟಿ ನೋಡಿ, "ಓ, ಇದು ಕುಕ್ಕೆ ಹೆಣೆದಂಗೆ. ಕಲ್ಲು ಒಳಗಡೆ ತುಂಬಿರೋದು, ಹಿಡ್ದಿರೋದು ಮರ. ಮೇಲೆ ಕಲ್ಲುಚಪ್ಪಡಿ ಚಾವಣಿ ಇದ್ಯಲ್ಲ, ಆ ಭಾರಕ್ಕೆ ಎಲ್ಲ ಕಚ್ಕೊಂಡು ಕೂತಿದೆ" ಅಂದ್ರು. ನಾನು ಅರ್ಧ ಗಂಟೆ ಓದಿ ತಿಳಿದಿದ್ದನ್ನ ಅವರು ಎರಡು ನಿಮಿಷ ಮುಟ್ಟಿ ಹೇಳಿಬಿಟ್ಟರು.

ಕೆಳಗಿನ ಬೀದಿಯಲ್ಲಿ ಒಬ್ಬ ವಯಸ್ಸಾದ ಬಡಗಿ ಹಳೇ ಮನೆಯ ಬಾಲ್ಕನಿ ರಿಪೇರಿ ಮಾಡ್ತಿದ್ರು. ಸೈಟಲ್ಲಿ ಬಿಹಾರ, ರಾಜಸ್ಥಾನದ ಹುಡುಗರ ಜೊತೆ ಕಲಿತ ಹಿಂದಿಯಲ್ಲಿ ಅಪ್ಪ ಅವರನ್ನ ಮಾತಾಡಿಸಿದ್ರು. ದೇವದಾರಿನ ಎಣ್ಣೆಗೆ ಹುಳ ಹಿಡಿಯಲ್ವಂತೆ. ಕೆಳಗಿನ ಮನೆ ದನಗಳಿಗೆ, ಮೇಲೆ ಜನ, ದನದ ಬಿಸಿ ಮೇಲಿನವರಿಗೂ ಆಗುತ್ತೆ. ಮತ್ಯಾಕೆ ಎಲ್ಲರೂ ಸಿಮೆಂಟಲ್ಲಿ ಕಟ್ತಿದ್ದಾರೆ ಅಂತ ಕೇಳಿದ್ರೆ, ಅಷ್ಟೊಂದು ಮರ ಈಗ ಕಡಿಯೋಕೆ ಬಿಡಲ್ಲ, ಕೊಂಡ್ಕೊಳ್ಳೋಕೆ ಆಗಲ್ಲ ಅಂದ್ರು. ಬರ್ತಾ ದಾರೀಲಿ 2023ರ ಜುಲೈ ಪ್ರವಾಹ ಕಿತ್ತುಹಾಕಿದ ದಂಡೆಗಳನ್ನ ನೋಡಿದ್ವಿ. ಕಾಂಕ್ರೀಟ್ ತಪ್ಪು, ಹಳೇದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ನದಿಗೆ ಅಂಟಿಕೊಂಡು ಏನು ಕಟ್ಟಿದ್ರೂ ಅಷ್ಟೇ. ಆದ್ರೆ ಜಾಗ ನೋಡಿ ಕಟ್ಟೋದು ಅನ್ನೋ ಮಾತು ಅವತ್ತು ನನಗೆ ಸರಿಯಾಗಿ ಅರ್ಥ ಆಯ್ತು.

ಮಧ್ಯಾಹ್ನ ಆ ರಷ್ಯನ್ ಮನೆ. ನಿಕೊಲಾಯ್ ರೋರಿಕ್ ಹುಟ್ಟಿದ್ದು 1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 1928ರಲ್ಲಿ ಇಲ್ಲಿಗೆ ಬಂದು, 1947ರಲ್ಲಿ ತೀರಿಕೊಳ್ಳೋವರೆಗೂ ಇಲ್ಲೇ ಇದ್ದು ಹಿಮಾಲಯದ ಚಿತ್ರ ಬರೆದರು. ಯುದ್ಧದಲ್ಲೂ ಮ್ಯೂಸಿಯಂ, ಸ್ಮಾರಕಗಳನ್ನ ಉಳಿಸಬೇಕು ಅನ್ನೋ 1935ರ ಒಪ್ಪಂದಕ್ಕೆ ಅವರದೇ ಹೆಸರು. ಚಿತ್ರಗಳಲ್ಲಿ ಬೆಟ್ಟ ಎಲ್ಲ ನೀಲಿ, ನೇರಳೆ. ತಮ್ಮ, "ಫಿಲ್ಟರ್ ಹಾಕಿದಂಗಿದೆ" ಅಂದ. ಸಂಜೆ ಆಚೆ ಬಂದು ನೋಡಿದ್ರೆ ಬೆಟ್ಟ ನಿಜವಾಗ್ಲೂ ಅದೇ ಬಣ್ಣ ಇತ್ತು. ಅಮ್ಮ ಅಲ್ಲಿಂದ ಅರ್ಧ ಗಂಟೆ ಏಳಲೇ ಇಲ್ಲ. ಹಿಮ ಮುಟ್ಟಿದ್ದು ಮಾರನೇ ದಿನ, ಆದ್ರೆ ಊರಿಗೆ ಬಂದು ಅಕ್ಕಪಕ್ಕದವರಿಗೆ ಹೇಳಿದ್ದೆಲ್ಲ ಈ ಬೆಟ್ಟದ ಬಣ್ಣದ್ದೇ.

ಅಲ್ಲೇ ಗೊತ್ತಾಗಿದ್ದು ಇನ್ನೊಂದು. ಅವರ ಮಗ ಸ್ವೆತೊಸ್ಲಾವ್ ರೋರಿಕ್, ಸಿನಿಮಾ ತಾರೆ ದೇವಿಕಾ ರಾಣಿಯನ್ನ ಮದುವೆಯಾಗಿ ಆಮೇಲೆ ಬದುಕಿದ್ದು ನಮ್ಮ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್‌ನಲ್ಲಿ. 450 ಎಕರೆಗೂ ಹೆಚ್ಚು ಜಾಗ. ಅವರು 1993ರಲ್ಲಿ, ದೇವಿಕಾ ರಾಣಿ 1994ರಲ್ಲಿ ತೀರಿಕೊಂಡ ಮೇಲೆ ಅದು ಕೋರ್ಟು ಸುತ್ತಿ, 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸರ್ಕಾರಕ್ಕೆ ಖಾಯಂ ಆಯ್ತು. ಅವರ ಚಿತ್ರಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೂ ಇವೆ. "ಆ ಕಾಂಪೌಂಡ್ ಪಕ್ಕ ದಿನಾ ಟಿವಿಎಸ್ಸಲ್ಲಿ ಓಡಾಡಿದ್ದೀನಲ್ಲ, ಯಾರದ್ದೋ ಕಾಡು ಅನ್ಕೊಂಡಿದ್ದೆ" ಅಂತ ಅಪ್ಪ ನಕ್ಕರು.

ವಾಪಸ್ ಬಸ್ಸಲ್ಲಿ ಅಮ್ಮ, ತಮ್ಮ ಮಲಗಿದ್ರು. ಅಪ್ಪ ಇದ್ದಕ್ಕಿದ್ದಂತೆ, "ಆ ಕಾಠ್ ಗೋಡೆ ಕಾಲೇಜಲ್ಲಿ ಹೇಳ್ಕೊಡ್ತಾರಾ?" ಅಂದ್ರು. ಇಲ್ಲ ಅಂದೆ. "ಹೇಳ್ಕೊಡ್ಬೇಕು" ಅಂದ್ರು. ಸ್ವಲ್ಪ ಹೊತ್ತಾದ ಮೇಲೆ, "ಕಂಪ್ಯೂಟರೇ ಆಗಿದ್ರೆ ಚೆನ್ನಾಗಿತ್ತು ಅಂತ ನನಗೆ ಈಗಲೂ ಇದೆ. ಆದ್ರೆ ನೀನು ಗೋಡೆ ನೋಡೋದು ಚೆನ್ನಾಗಿ ನೋಡ್ತೀಯ" ಅಂದು ಕಂಬಳಿ ಹೊದ್ದುಕೊಂಡರು.

ಈಗ ನನ್ನ ಕಾಂಕ್ರೀಟ್ ನೋಟ್ಸಿನ ಹಿಂದಿನ ಪುಟದಲ್ಲಿ ಒಂದು ಪಟ್ಟಿ ಇದೆ: ತೊಲೆ, ಜಂತೆ, ಪಾಯ, ಕರಣೆ, ರಸಮಟ್ಟ, ತೂಗುಗುಂಡು. ಎಲ್ಲ ಅಪ್ಪ ಫೋನಲ್ಲಿ ಹೇಳಿದ್ದು. ಹೋದ ವಾರ ಲ್ಯಾಬಲ್ಲಿ ನಮ್ಮ ಬ್ಯಾಚಿನ ಏಳು ದಿನದ ಕ್ಯೂಬ್ ಒಡೆದ್ವಿ. ಅವತ್ತು ರಾತ್ರಿ ಅಪ್ಪ ಊಟ ಆಯ್ತಾ ಅಂತ ಕೇಳೋದಕ್ಕೂ ಮೊದಲೇ, "ಎಷ್ಟಕ್ಕೆ ಒಡೀತು?" ಅಂದ್ರು. 320 ಕಿಲೋನ್ಯೂಟನ್ ಅಂದೆ. ಟನ್ನಲ್ಲಿ ಹೇಳು ಅಂದ್ರು. ಹತ್ತಿರ ಹತ್ತಿರ 32 ಅಂದೆ.

"ಅಂಗೈಯಷ್ಟು ಕಲ್ಲಿನ ಮೇಲೆ ಲೋಡ್ ತುಂಬಿದ ಎರಡು ಲಾರಿ" ಅಂದ್ರು. "ಪರವಾಗಿಲ್ಲ, ಚೆನ್ನಾಗಿ ಕಲಸಿದ್ದೀರ."